ಹಾಲ್ಬ್ರೂಕಿನಲ್ಲಿ ಐಸ್ ಕಟ್ಟುತ್ತಿದ್ದವನು

ಆ ಶನಿವಾರ ನೆಸ್ಟರ್ ಐದು ಗಂಟೆಗೇ ಎದ್ದ. ಹೊರಗೆ ಸೊನ್ನೆಗಿಂತ ಮೂವತ್ತೊಂಬತ್ತು ಡಿಗ್ರಿ ಕೆಳಗಿತ್ತು. ಅಡುಗೆಮನೆಯ ಕಿಟಕಿಗೆ ಒಳಗಿನಿಂದಲೂ ಹಿಮ ಹತ್ತಿತ್ತು. ಎರಡು ತಲೆನೋವಿನ ಮಾತ್ರೆ ನುಂಗಿದ. ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿ ನಿಂತೇ ಕುಡಿದ.

"ಕೂತ್ಕೊಂಡು ಕುಡಿದ್ರೆ ಏನಾಗತ್ತೆ?" ಅಂದೆ.

"ಕೂತ್ರೆ ಏಳಕ್ಕಾಗಲ್ಲ ಕಣೇ. ತಲೆ ಒಳಗೆ ಯಾರೋ ಹಾಕಿ ಆಡ್ತಾ ಇದ್ದಾರೆ."

"ಕನ್ನಡಕ ಬದಲಾಯಿಸು ಅಂತ ಎರಡು ವರ್ಷದಿಂದ ಬಡ್ಕೋತಾ ಇದೀನಿ."

"ಮ್ಯಾಚು ಮುಗೀಲಿ ಪಾಲಿ."

ಎಲ್ಲಕ್ಕೂ ಅವನದು ಇದೇ ಉತ್ತರ. ಹಲ್ಲು ಕೀಳಿಸುವುದು, ಮೆಟ್ಟಿಲು ರಿಪೇರಿ, ನನ್ನ ತಂಗಿಯ ಮನೆಗೆ ಹೋಗುವುದು, ಎಲ್ಲ ಮ್ಯಾಚು ಮುಗಿದ ಮೇಲೆ. ಮೂವತ್ತೇಳು ವರ್ಷದ ಸಂಸಾರದಲ್ಲಿ ಮ್ಯಾಚು ಮುಗಿದದ್ದನ್ನು ನಾನು ಕಾಣಲಿಲ್ಲ.

ಅವನು ರಿಂಕಿಗೆ, ಅಂದರೆ ಊರಿನ ಐಸ್ ಹಾಕಿ ಅಂಗಣಕ್ಕೆ, ಹೋದ ಮೇಲೆ ನಾನು ಹಿಟ್ಟು ನಾದಲು ಕೂತೆ. ಮ್ಯಾಚಿನ ದಿನ ರಿಂಕಿನ ಅಡುಗೆಮನೆಯಲ್ಲಿ ಪಿರೋಹಿ ಮಾರುವುದು ಊರಿನ ಹೆಂಗಸರ ಕೆಲಸ. ಆಲೂಗಡ್ಡೆ, ಗಿಣ್ಣು ತುಂಬಿದ ಕಡುಬು. ನನ್ನ ಪಾಲಿಗೆ ಮುನ್ನೂರು. ಒಂಬತ್ತು ಗಂಟೆಗೆ ಲೈಲ್ ಮೇಲಿನ ಕೋಣೆಯಿಂದ ಇಳಿದು ಬಂದ. ಲೈಲ್ ಫ್ರೀಸೆನ್ ನಮ್ಮ ತಂಡದ ಗೋಲ್‌ಕೀಪರ್, ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತಡೆಯುವವನು. ಹದಿನೇಳು ವರ್ಷ. ಆಡಲು ದೂರದಿಂದ ಬರುವ ಹುಡುಗರನ್ನು ಊರಿನವರು ತಮ್ಮ ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳುತ್ತಾರೆ. ನಮಗೆ ಮಕ್ಕಳಾಗಲಿಲ್ಲ. ಇವನು ನಮ್ಮ ಮನೆಯಲ್ಲಿದ್ದ ಹತ್ತೊಂಬತ್ತನೆಯವನು. ಎಲ್ಲರಿಗೂ ನಾನು ಬಾಬಾ, ಅಂದರೆ ನಮ್ಮ ಉಕ್ರೇನಿಯನ್ ಮಾತಿನಲ್ಲಿ ಅಜ್ಜಿ. ಮೂವತ್ತು ವಯಸ್ಸಿಗೇ ಅಜ್ಜಿಯಾದವಳು ನಾನು.

"ಬಾಬಾ, ಇದು ಮ್ಯಾಚಿಗಾ ನಂಗಾ?"

"ಮ್ಯಾಚಿಗೆ. ಕೈ ತೆಗಿ."

"ಒಂದೇ ಒಂದು."

"ಹೋದ ವಾರ ಡಫ್ಟನ್ನವರು ಐದು ಗೋಲು ಹೊಡೆಯೋವಾಗ ಈ ಕೈ ಇಷ್ಟು ಬೇಗ ಚಾಚ್ಲಿಲ್ವಲ್ಲ?"

"ಪಕ್ಕಿನೊಳಗೆ ಆಲೂಗಡ್ಡೆ ಇರ್ಲಿಲ್ಲ ಬಾಬಾ."

ಆರು ತಿಂದ. ನಾನು ನೋಡದ ಹಾಗಿದ್ದೆ.

ಮ್ಯಾಚು ಮಧ್ಯಾಹ್ನ ಎರಡಕ್ಕೆ. ಡಫ್ಟನ್ ಊರಿನವರ ಮೇಲೆ ಏಳು ಆಟಗಳ ಸರಣಿ. ಯಾರು ಮೊದಲು ನಾಲ್ಕು ಗೆಲ್ಲುತ್ತಾರೋ ಅವರು ಕೊನೆಯ ಸುತ್ತಿಗೆ. ಒಂಬತ್ತು ವರ್ಷದಿಂದ ನಮ್ಮವರು ಅಲ್ಲಿಯವರೆಗೆ ಹೋಗಿರಲಿಲ್ಲ. ಆ ದಿನ ರಿಂಕ್ ತುಂಬಿತ್ತು. ವಿರಾಮಕ್ಕೆ ನೆಸ್ಟರ್ ತನ್ನ ಐಸ್ ಗಾಡಿ ಹೊರತಂದ. ಐಸಿನ ಮೇಲ್ಮೈ ಕೆರೆದು ಬಿಸಿನೀರು ಹಾಯಿಸುವ ಗಾಡಿ ಅದು. ಹಳೆಯ ಟ್ರಾಕ್ಟರಿನಿಂದ ಅವನೇ ಮಾಡಿದ್ದು. ಕೆಮ್ಮುತ್ತಾ ಓಡುತ್ತಿತ್ತು. ಹುಡುಗರು ಅದಕ್ಕೆ ಹಸು ಎಂದು ಹೆಸರಿಟ್ಟಿದ್ದರು. ಅದು ಬಾಗಿಲು ದಾಟಿದ ಕೂಡಲೇ ಆರುನೂರು ಜನ ಒಟ್ಟಿಗೆ "ಅಂಬಾ" ಎಂದು ಕೂಗುತ್ತಿದ್ದರು. ನೆಸ್ಟರ್ ಟೋಪಿ ಎತ್ತುತ್ತಿದ್ದ. ಇಪ್ಪತ್ತು ವರ್ಷ ಅದೇ ತಮಾಷೆ. ಯಾರಿಗೂ ಬೇಸರವಾಗಲಿಲ್ಲ.

ಅಡುಗೆಮನೆಯಲ್ಲಿ ನನ್ನ ಪಕ್ಕ ಸ್ಟೆಲ್ಲಾ ಕಿನಾಷ್ ಪಿರೋಹಿ ಬೇಯಿಸುತ್ತಿದ್ದಳು. ನಮ್ಮ ಪಕ್ಕದ ಮನೆಯವಳು. ಹುಡುಗಿಯಾಗಿದ್ದಾಗಿನಿಂದ ಗೆಳತಿ, ನನ್ನ ಮದುವೆಗೆ ಹೂವು ಹಿಡಿದು ಪಕ್ಕದಲ್ಲಿ ನಿಂತವಳು.

"ನಂಗೂ ತಲೆ ಸಿಡೀತಿದೆ. ಈ ಸಲದ ಜ್ವರ ಊರಿಗೇ ಹತ್ತಿದೆ," ಅಂದಳು.

"ನಿನ್ನ ಗಂಡನ ಗೊರಕೆ ಹತ್ತಿರಬೇಕು."

"ಅದು ಹತ್ತಿ ಮೂವತ್ತು ವರ್ಷ ಆಯ್ತು. ಇದು ಹೊಸದು."

ನಾಲ್ಕು ಎರಡರಿಂದ ಗೆದ್ದೆವು. ಸರಣಿ ಮೂರು ಮೂರು. ಮರುದಿನ ಭಾನುವಾರ, ಅದೇ ಐಸಿನ ಮೇಲೆ, ಕೊನೆಯ ಆಟ. ಮನೆಗೆ ಬಂದು ನೆಸ್ಟರ್ ಊಟ ಸರಿಯಾಗಿ ಮಾಡಲಿಲ್ಲ. ಕುರ್ಚಿಯಲ್ಲೇ ಕಣ್ಣು ಮುಚ್ಚಿದ.

"ಗೋಲಿನ ಮುಂದೆ ಗುಂಡಿ ಬಿದ್ದಿದೆ," ಅಂದ. "ಬೆಳಿಗ್ಗೆ ಹೋಗಿ ಐಸ್ ದಪ್ಪ ಕಟ್ಟಬೇಕು. ಐದಾರು ಸಲ ನೀರು ಹಾಯಿಸಬೇಕು."

"ತಲೆನೋವು?"

"ಇದೆ. ಓಡಾಡ್ತಾ ಇದ್ರೆ ಹೋಗತ್ತೆ."

ಇಷ್ಟೇ. ಅದು ಎಲ್ಲ ದಿನದ ಹಾಗೆ ಒಂದು ದಿನ.

ನೆಸ್ಟರ್ ಹಲ್ಯುಕ್ ಆರನೇ ಕ್ಲಾಸು ಓದಿದವನು. ನಾನು ನಾಲ್ಕನೆಯದು. ಇಬ್ಬರೂ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಗೋಧಿ ಹೊಲದವರು, ಉಕ್ರೇನಿಯನ್ನರು. ಮದುವೆಯಾಗಿ ಹಾಲ್ಬ್ರೂಕಿಗೆ ಬಂದೆವು. ಅವನಿಗೆ ಹಿಟ್ಟಿನ ಗಿರಣಿಯಲ್ಲಿ ಕೆಲಸ. 1961ರಲ್ಲಿ ಗಿರಣಿಯವರೇ ಸೇರಿ ಹುಡುಗರ ತಂಡ ಕಟ್ಟಿದರು. ಹಾಲ್ಬ್ರೂಕ್ ಮಿಲ್ಲರ್ಸ್. ಮೊದಲ ವರ್ಷದ ಅಂಗಿಗಳನ್ನು ನಾವು ಹೆಂಗಸರು ಹಿಟ್ಟಿನ ಚೀಲಕ್ಕೆ ನೀಲಿ ಬಣ್ಣ ಅದ್ದಿ ಹೊಲಿದೆವು. ಹುಡುಗರು ಬೆವರಿದರೆ ಕುತ್ತಿಗೆ ನೀಲಿಯಾಗುತ್ತಿತ್ತು. ಡಫ್ಟನ್ನವರು ಅವರನ್ನು "ನೇಣು ಹಾಕ್ಕೊಂಡವರು" ಎಂದು ಅಣಕಿಸುತ್ತಿದ್ದರು.

ಅದೇ ಬೇಸಿಗೆ ಊರಿನ ಗಂಡಸರೆಲ್ಲ ಸೇರಿ ರಿಂಕಿನ ಕಟ್ಟಡ ಎತ್ತಿದರು. ಮರದ ಕಮಾನು, ತಗಡಿನ ಹೊದಿಕೆ. ಆಗ ನೆಲದಡಿ ತಂಪು ಕೊಳವೆ ಇರಲಿಲ್ಲ. ಬಾಗಿಲು ತೆರೆದಿಟ್ಟು ಹೊರಗಿನ ಚಳಿಯಿಂದಲೇ ಐಸ್ ಕಟ್ಟಬೇಕು. ಆ ಕೆಲಸ ಯಾರಿಗೂ ಬೇಡವಾಗಿತ್ತು. ನೆಸ್ಟರ್ ಒಪ್ಪಿಕೊಂಡ. ಜಾರುಗಾಡಿಯ ಮೇಲೆ ಪೀಪಾಯಿ ಇಟ್ಟು ನೀರು ಚೆಲ್ಲುತ್ತಿದ್ದ. ಒಂದು ಪದರ, ಅದು ಕಟ್ಟಿದ ಮೇಲೆ ಇನ್ನೊಂದು. ಹೀಗೆ ನಲವತ್ತು ಪದರ. ಅಂಗಣದ ನಡುವಿನ ಕೆಂಪು ಗೆರೆಗೆ ಬಣ್ಣ ನಿಲ್ಲದಿದ್ದಾಗ ಕೆಂಪು ಉಣ್ಣೆಯ ದಾರ ಹಾಸಿ ಮೇಲೆ ನೀರು ಹಾಯಿಸಿದ. ಆ ದಾರ ಅವನದೇ ಸ್ವೆಟರಿನದು. ನಾನು ಬಿಚ್ಚಿ ಕೊಟ್ಟೆ. ಬೈದುಕೊಂಡೇ ಬಿಚ್ಚಿದೆ. ಅದನ್ನು ಹೆಣೆಯಲು ಒಂದು ಇಡೀ ಚಳಿಗಾಲ ಹಿಡಿದಿತ್ತು.

ಅವನಿಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಹಿಮ್ಮಡಿಯಿಂದ ಐಸಿಗೆ ಎರಡು ಸಲ ಗುದ್ದಿ, ಸದ್ದು ಕೇಳಿ, ಎಷ್ಟು ದಪ್ಪ ಎಂದು ಹೇಳುತ್ತಿದ್ದ. ಅಳತೆ ಕಡ್ಡಿ ಇಟ್ಟು ನೋಡಿದರೆ ಅಷ್ಟೇ ಇರುತ್ತಿತ್ತು.

ತಂಡ 1972ರಲ್ಲಿ ಒಮ್ಮೆ ಕೊನೆಯ ಸುತ್ತು ಗೆದ್ದಿತು. ಬಹುಮಾನದ ಬಟ್ಟಲು ಹಿಡಿದುಕೊಂಡು ಹುಡುಗರು ಅಗ್ನಿಶಾಮಕ ಲಾರಿ ಹತ್ತಿ ಊರು ಸುತ್ತಿದರು. ಅದು ಬಿಟ್ಟರೆ ಸೋತದ್ದೇ ಹೆಚ್ಚು. ಒಂದು ವರ್ಷ ಒಂದೇ ಆಟ ಗೆದ್ದರು. ಅದೂ ಎದುರಿನವರ ಬಸ್ಸು ಹಿಮದಲ್ಲಿ ಸಿಕ್ಕಿ ಅವರು ಬರಲೇ ಇಲ್ಲ ಎಂದು. 1983ರಲ್ಲಿ ಗಿರಣಿ ಮುಚ್ಚಿತು. ಎಷ್ಟೋ ಮನೆ ಖಾಲಿಯಾದವು. ಗಿರಣಿ ಇಲ್ಲದ ಊರಿನಲ್ಲಿ ತಂಡದ ಹೆಸರು ಮಾತ್ರ ಉಳಿಯಿತು. ನೆಸ್ಟರಿಗೆ ಬೇರೆ ಕೆಲಸವಿರಲಿಲ್ಲ. ರಿಂಕೇ ಕೆಲಸವಾಯಿತು. ಬೆಳಿಗ್ಗೆ ಹೋದರೆ ಊಟಕ್ಕೆ ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ತಂಡ ನಿಂತರೆ ಇವನೂ ನಿಂತುಬಿಡುತ್ತಾನೆ ಎಂಬ ಹೆದರಿಕೆ ನನಗಿತ್ತು. ಅದಕ್ಕೇ 1989ರ ಜನವರಿಯಲ್ಲಿ, ಆ ಶನಿವಾರಕ್ಕೆ ಕೆಲವು ವಾರ ಮೊದಲು, ನಾನು ಮಾಡಿದ್ದನ್ನು ಮಾಡಿದೆ.

ಆ ಜನವರಿ ಚಳಿ ಬಿಡಲೇ ಇಲ್ಲ. ಹುಡುಗರು ಬಟ್ಟೆ ಬದಲಿಸುವ ಕೋಣೆಯ ನೀರಿನ ಕೊಳವೆ ಎರಡು ಸಲ ಒಡೆಯಿತು. ಹೊರಗಿನ ತಂಡದವರು ಸ್ನಾನವಿಲ್ಲದೆ ಬೆವರಿನಲ್ಲೇ ಬಸ್ಸು ಹತ್ತಿದರು. ನೋಡುವ ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಮ್ಯಾಚು ನಡೆಸುವ ಲೀಗಿನಿಂದ ಕಾಗದ ಬಂತು. ರಿಂಕ್ ಬೆಚ್ಚಗಿರಬೇಕು, ನೀರು ಹರಿಯಬೇಕು. ಇಲ್ಲವಾದರೆ ಹಾಲ್ಬ್ರೂಕಿನಲ್ಲಿ ಇನ್ನು ಆಟವಿಲ್ಲ.

ತಂಡದ ಅಧ್ಯಕ್ಷ ಗಾರ್ಡನ್ ಪ್ಯಾಷ್ಕೊ. ಊರಿನಲ್ಲಿ ಅವನದು ಕಬ್ಬಿಣದ ಸಾಮಾನಿನ ಅಂಗಡಿ. ಸಭೆ ಕರೆದು ಕಾಗದ ಓದಿದ. ನಾನು ಎದ್ದೆ.

"ಗೋಡೆ ಮೇಲೆ ಹನ್ನೆರಡು ಗಾಳಿಕಿಂಡಿ ಇವೆ. ಬಿಸಿ ಎಲ್ಲ ಅಲ್ಲೇ ಹೋಗ್ತಿದೆ. ಹಳೇ ಅಂಗಿ ತಂದ್ಕೊಡಿ. ಉಣ್ಣೆ ತುಂಬಿ ದಿಂಬು ಹೊಲಿದು ಮುಚ್ಚಿಬಿಡ್ತೀವಿ."

ಯೋಚನೆ ನನ್ನದು. ಇದನ್ನು ನಾನು ಎಲ್ಲೂ ಮುಚ್ಚಿಟ್ಟಿಲ್ಲ.

ಎಂಟು ಹೆಂಗಸರು ಸ್ಟೆಲ್ಲಾಳ ಮನೆಯಲ್ಲಿ ಎರಡು ದಿನ ಕೂತು ಹೊಲಿದೆವು. ಇಪ್ಪತ್ತು ವರ್ಷದ ಹಳೆಯ ಅಂಗಿಗಳು. ಬೆನ್ನ ಮೇಲಿನ ಅಂಕಿ ಹಾಗೇ ಉಳಿಸಿದೆವು. ಯಾವ ಅಂಕಿ ಯಾವ ಹುಡುಗನದು ಎಂದು ನೆನೆಸಿಕೊಂಡು ನಕ್ಕೆವು. ನೆಸ್ಟರ್ ಏಣಿ ಹಾಕಿ ಒಂದೊಂದನ್ನೇ ತುರುಕಿದ.

"ಕಟ್ಟಡಕ್ಕೂ ಉಸಿರು ಬೇಕು ಕಣೇ," ಅಂದ ಮೇಲಿನಿಂದ. "ಮಂಜು ಕವ್ಕೊಳತ್ತೆ."

"ನಿನ್ನ ಕಟ್ಟಡ ಉಸಿರಾಡಿದ್ರೆ ಜನ ಹೆಪ್ಪುಗಟ್ತಾರೆ. ತುರುಕು."

ತುರುಕಿದ. ರಿಂಕ್ ಬೆಚ್ಚಗಾಯಿತು. ಕೊಳವೆ ಮತ್ತೆ ಒಡೆಯಲಿಲ್ಲ. ಲೀಗಿನವನು ಬಂದು ನೋಡಿ, ದಿಂಬು ತೋರಿಸಿ ನಕ್ಕು, ನನ್ನ ಕೈ ಕುಲುಕಿ ಹೋದ. ನಮ್ಮ ಹುಡುಗರು ಗೆಲ್ಲತೊಡಗಿದರು.

ಭಾನುವಾರ ಬೆಳಿಗ್ಗೆ ನಾನು ಎದ್ದಾಗ ನೆಸ್ಟರ್ ಹೋಗಿಯಾಗಿತ್ತು. ಹನ್ನೊಂದಕ್ಕೆ ಹಿಂದಿನ ದಿನದ ಪಿರೋಹಿ ಹುರಿದು ಡಬ್ಬಿಗೆ ಹಾಕಿ ರಿಂಕಿಗೆ ನಡೆದೆ. ಎಲ್ಲ ಬಾಗಿಲೂ ಮುಚ್ಚಿತ್ತು. ಒಳಗೆ ಗಾಡಿಯ ಇಂಜಿನ್ ಓಡುತ್ತಿತ್ತು. ಗಾಡಿ ಐಸಿನ ನಡುವೆ ನಿಂತಿತ್ತು. ಅದರಡಿ ಐಸ್ ಕರಗಿ ಹೊಂಡವಾಗಿತ್ತು. ನೆಸ್ಟರ್ ಆಟಗಾರರ ಬೆಂಚಿನ ಮೇಲೆ ಕೂತಿದ್ದ. ಗದ್ದ ಎದೆಗೆ ತಾಗಿತ್ತು. ಒಂದು ಕೈಗವಸು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದ.

"ಐಸ್ ಹಾಳಾಗ್ತಿದೆ, ನೀನು ನಿದ್ದೆ ಹೊಡೀತಿದೀಯಾ?" ಎಂದು ಬೈದೆ. ಅವನಿಗೆ ನಾನು ಆಡಿದ ಕೊನೆಯ ಮಾತು ಅದು. ಅವನು ಕೇಳಲಿಲ್ಲ.

ಭುಜ ಅಲುಗಿಸಿದೆ. ನನಗೂ ತಲೆ ಸುತ್ತಿತು, ಕಾಲು ಕುಸಿಯಿತು. ದುಃಖಕ್ಕೆ ಎಂದುಕೊಂಡೆ. ಬಾಗಿಲು ತಳ್ಳಿ ಹೊರಗೆ ಹಿಮದ ಮೇಲೆ ಮೊಣಕಾಲೂರಿ ಕೂಗಿದೆ.

ಡಾಕ್ಟರು ಹೃದಯ ಎಂದು ಬರೆದರು. ಅರವತ್ತೊಂದು ವರ್ಷ, ದಪ್ಪ ಮನುಷ್ಯ, ಚಳಿಯಲ್ಲಿ ದುಡಿತ. ಯಾರೂ ಎರಡನೇ ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ನೆಲ ಕಲ್ಲಾಗಿತ್ತು. ಗುಂಡಿ ತೋಡಲು ಎರಡು ದಿನ ಅದರ ಮೇಲೆ ಇದ್ದಿಲು ಉರಿಸಿದರು. ಬುಧವಾರ ಮಣ್ಣು ಮಾಡಿದೆವು. ತಂಡದ ಹುಡುಗರೇ ಹೆಗಲು ಕೊಟ್ಟರು. ಇಗರ್ಜಿಯಲ್ಲಿ ಪೆಟ್ಟಿಗೆ ತೆರೆದಿತ್ತು. ಜನ ಸಾಲಾಗಿ ಬಂದು ನೋಡಿದರು.

"ಎಷ್ಟು ಕಳೆಯಾಗಿದಾನೆ ನೋಡು ಪಾಲಿ," ಎಂದು ಸ್ಟೆಲ್ಲಾ ನನ್ನ ತೋಳು ಹಿಡಿದು ಅತ್ತಳು. "ಕೆನ್ನೆಯ ಕೆಂಪು ನೋಡು. ಮದುವೆ ಗಂಡಿನ ಹಾಗೆ."

ಹೆಣ ಸಿಂಗರಿಸಿದವನು ಪಕ್ಕದಲ್ಲಿದ್ದ. "ನಾನು ಬಣ್ಣ ಹಚ್ಚೋದೇ ಬೇಕಾಗ್ಲಿಲ್ಲಮ್ಮ," ಅಂದ. ನನಗೆ ಸಮಾಧಾನವಾಗಲಿ ಎಂದು ಹೇಳಿದ ಮಾತು ಅದು. ಆಗ ಸಮಾಧಾನವಾಯಿತು ಕೂಡ.

ಭಾನುವಾರದ ಆಟವನ್ನು ಶುಕ್ರವಾರಕ್ಕೆ ಹಾಕಿದ್ದರು. ಹುಡುಗರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡುತ್ತಾರೆ, ನೆಸ್ಟರಿಗೋಸ್ಕರ ಗೆಲ್ಲುತ್ತಾರೆ ಎಂದು ಗಾರ್ಡನ್ ಗೋರಿಯ ಹತ್ತಿರವೇ ಹೇಳಿದ. ಗಾಡಿ ಓಡಿಸಲು ಅವನ ತಮ್ಮನನ್ನು ಇಟ್ಟ.

ಗುರುವಾರ ಲೈಲ್ ಅಭ್ಯಾಸ ಮುಗಿಸಿ ಬಂದವನು ಬೂಟು ಬಿಚ್ಚುವ ಮೊದಲೇ ಸಿಂಕಿಗೆ ವಾಂತಿ ಮಾಡಿದ. ಗೋಡೆ ಹಿಡಿದು ನಿಂತ. ನಾನು ಹಣೆ ಮುಟ್ಟಿದೆ. ಜ್ವರ ಇರಲಿಲ್ಲ.

"ಏನು ತಿಂದೆ?"

"ಏನಿಲ್ಲ ಬಾಬಾ. ಐದು ಜನ ವಾಂತಿ ಮಾಡಿದ್ವಿ. ಬ್ರೆಂಟ್ ಐಸ್ ಮೇಲೇ ಬಿದ್ದ."

"ಜ್ವರದ ಗಾಳಿ ಇರಬೇಕು."

"ಅಲ್ಲ. ಡಫ್ಟನ್ನಲ್ಲಿ ಆಡೋವಾಗ ಯಾರಿಗೂ ಏನೂ ಆಗಲ್ಲ. ಇಲ್ಲೇ ಆಗೋದು. ಹಸು ಬಂದುಹೋದ ಮೇಲೆ ಜಾಸ್ತಿ. ಕೋಚ್ ಹೇಳ್ತಾರೆ, ಸೋಲೋ ಭಯಕ್ಕೆ ಹೊಟ್ಟೆ ತೊಳಸತ್ತೆ ಅಂತ."

ನಾನು ಕುರ್ಚಿ ಎಳೆದು ಕೂತೆ. ನನಗೆ ನಮ್ಮ ಅಪ್ಪನ ಮನೆಯ ಅಡುಗೆಮನೆ ಕಂಡಿತು. ನನಗಾಗ ಹದಿನೈದು. ಮೂರು ದಿನದ ಹಿಮಗಾಳಿ ನಿಂತ ಮೇಲೆ ಅಪ್ಪ ರಸ್ತೆಯಲ್ಲಿ ಹೂತುಹೋದ ಕಾರಿನಿಂದ ಸಾವ್ಚುಕ್ ಮನೆಯ ಅಣ್ಣತಮ್ಮಂದಿರನ್ನು ಎಳೆದು ತಂದು ನಮ್ಮ ಒಲೆಯ ಪಕ್ಕ ಮಲಗಿಸಿದ. ಬೆಚ್ಚಗಿರಲೆಂದು ಅವರು ಇಂಜಿನ್ ಓಡಿಸಿಕೊಂಡೇ ಕೂತಿದ್ದರು. ಹೊಗೆ ಹೋಗುವ ಕೊಳವೆ ಹಿಮದಲ್ಲಿ ಮುಚ್ಚಿತ್ತು. ಇಬ್ಬರ ಕೆನ್ನೆಯೂ ಸೇಬಿನ ಹಾಗೆ ಕೆಂಪಗಿತ್ತು. "ಬದುಕಿದ್ದಾರೆ" ಎಂದು ಅಮ್ಮ ಹಾಲು ಕಾಯಲು ಇಟ್ಟಳು. ಅಪ್ಪ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ಕೆಳಗಿಟ್ಟ. ಇಂಜಿನ್ ಹೊಗೆಗೆ ಸತ್ತವರ ಕೆನ್ನೆ ಹಾಗೇ ಕೆಂಪಾಗುತ್ತದೆ ಅಂದ.

ಬಣ್ಣ ಹಚ್ಚುವುದೇ ಬೇಕಾಗಲಿಲ್ಲ.

ಮುಚ್ಚಿದ ಶೆಡ್ಡಿನಲ್ಲಿ ಕಾರು ಓಡಿಸಬಾರದು ಎಂದು ನಮ್ಮ ಕಡೆ ಎಳೆ ಮಗುವಿಗೂ ಗೊತ್ತು. ಆದರೆ ರಿಂಕ್ ಶೆಡ್ ಅಲ್ಲ. ಆರುನೂರು ಜನ ಹಿಡಿಯುವ ಕಟ್ಟಡ. ಅದರೊಳಗೆ ಒಂದು ಟ್ರಾಕ್ಟರಿನ ಹೊಗೆ ಯಾವ ಲೆಕ್ಕ? ನಮಗೆ ಅದು ಹೊಗೆ ಎಂದೇ ಅನ್ನಿಸಿರಲಿಲ್ಲ. ಅದು ಹಸು. ಅದು ಬಂದರೆ ನಾವು ಅಂಬಾ ಎನ್ನುತ್ತಿದ್ದೆವು.

ಶುಕ್ರವಾರ ಬೆಳಿಗ್ಗೆ ಗಾರ್ಡನ್ನನ ಅಂಗಡಿಗೆ ಹೋದೆ.

"ದಿಂಬು ತೆಗೆಸು ಗಾರ್ಡನ್. ನೆಸ್ಟರ್ ಹೃದಯ ನಿಂತು ಸತ್ತಿದ್ದಲ್ಲ. ಗಾಡಿ ಹೊಗೆ ಕುಡಿದು ಸತ್ತ."

ಅವನು ಮೊಳೆ ತೂಗುತ್ತಿದ್ದ ಕೈ ನಿಲ್ಲಿಸಿದ. "ಪಾಲಿ, ನೀನು ಐದು ದಿನದಿಂದ ಮಲಗಿಲ್ಲ."

"ಮಲಗಿಲ್ಲ. ಆದ್ರೂ ಎಣಿಸೋಕೆ ಬರತ್ತೆ. ದಿಂಬು ಇಟ್ಟು ಮೂರು ವಾರ. ಊರಿಗೆ ತಲೆನೋವು ಬಂದು ಮೂರು ವಾರ."

"ಡಾಕ್ಟರು ಬರ್ಕೊಟ್ಟಿದ್ದಾರಲ್ಲ?"

"ಡಾಕ್ಟರು ಅವನ ಮುಖ ಅರ್ಧ ನಿಮಿಷ ನೋಡಿದ್ರು. ನಿನ್ನೆ ಐದು ಹುಡುಗರು ಕಾರಿಕೊಂಡರು. ಕೇಳು ನಿನ್ನ ತಮ್ಮನ್ನ. ಅವನಿಗೂ ತಲೆ ನೋಯ್ತಿರಬೇಕು."

ಗಾರ್ಡನ್ ತಕ್ಕಡಿಯ ಮೊಳೆಗಳನ್ನು ಡಬ್ಬಿಗೆ ಸುರಿದ. ತಮ್ಮನಿಗೆ ತಲೆ ನೋಯುತ್ತಿತ್ತು ಎಂದು ಅವನ ಮುಖದಲ್ಲೇ ಕಂಡಿತು.

"ಸರಿ," ಅಂದ ಕೊನೆಗೆ. "ಇವತ್ತಿನ ಮ್ಯಾಚು ಮುಗೀಲಿ. ನಾಳೆ ನಾನೇ ಏಣಿ ಹತ್ತಿ ತೆಗೀತೀನಿ. ಈಗ ತೆಗೆದ್ರೆ ಕೊಳವೆ ಒಡೆಯತ್ತೆ. ಲೀಗಿನವನು ಬಂದು ಕೂತಿರ್ತಾನೆ. ಒಂದೇ ಒಂದು ಆಟ ಪಾಲಿ. ನೆಸ್ಟರ್ ಇದ್ದಿದ್ರೆ ಏನು ಹೇಳ್ತಿದ್ದ ಅಂತ ನಿಂಗೇ ಗೊತ್ತು."

ಗೊತ್ತಿತ್ತು. ನೆಸ್ಟರ್ ಅದನ್ನೇ ಹೇಳುತ್ತಿದ್ದ.

ಅಲ್ಲಿಂದ ನೇರ ರಿಂಕಿಗೆ ಹೋದೆ. ನೆಸ್ಟರನ ಏಣಿ ಅದರ ಜಾಗದಲ್ಲೇ ಇತ್ತು. ಎಳೆದುಕೊಂಡು ಬಂದು ಗೋಡೆಗೆ ಹಾಕಿ ಹತ್ತಿದೆ. ಐವತ್ತೇಳು ವರ್ಷದವಳು, ಮಂಡಿ ನೋವಿನವಳು. ಮೊದಲ ದಿಂಬು ಎಳೆದಾಗ ಚಳಿ ಮುಖಕ್ಕೆ ಹೊಡೆಯಿತು. ನಾಲ್ಕನೆಯದು ಎಳೆಯುವಾಗ ಅಡುಗೆಮನೆಯಿಂದ ಸ್ಟೆಲ್ಲಾ ಓಡಿ ಬಂದಳು. ಕೈಯೆಲ್ಲ ಹಿಟ್ಟು.

"ಪಾಲಿ! ಇಳಿ ಕೆಳಗೆ! ಬಿದ್ದು ಸಾಯ್ತೀಯಾ!"

ಅಲ್ಲಿಂದಲೇ ಎಲ್ಲ ಹೇಳಿದೆ. ಸಾವ್ಚುಕ್ ಹುಡುಗರ ಕೆನ್ನೆ. ನೆಸ್ಟರನ ಕೆನ್ನೆ. ಅವಳು ಏಣಿ ಹಿಡಿದುಕೊಂಡು ಕೇಳಿದಳು.

"ಇದನ್ನ ಊರಿಗೆಲ್ಲ ಹೇಳ್ತೀಯಾ?"

"ಹೇಳ್ತೀನಿ. ಇಲ್ಲಾಂದ್ರೆ ನಾಳೆ ಮತ್ತೆ ತುರುಕ್ತಾರೆ."

"ಎಂಟು ಜನ ಕೂತು ಹೊಲಿದ್ವಿ. ನಗ್ತಾ ಹೊಲಿದ್ವಿ. ನಾವು ಕೊಂದ್ವಿ ಅಂತೀಯಾ?"

"ನಾನು ಅಂತೀನಿ. ಯೋಚನೆ ನಂದು."

"ನಿಂದು ಅಂದ್ರೆ ನಮ್ದೂ ಆಗತ್ತೆ ಕಣೇ. ಸೂಜಿ ನನ್ನ ಕೈಲೂ ಇತ್ತು. ಸತ್ತವನು ಸತ್ತ. ಹೃದಯ ಅಂತ ಬರೆದಾಯ್ತು. ಅದನ್ನ ಹಾಗೇ ಬಿಡಕ್ಕಾಗಲ್ವಾ ನಿನಗೆ?"

"ಲೈಲ್ ಸಿಂಕ್ ಹಿಡ್ಕೊಂಡು ನಿಂತಿದ್ದ ಸ್ಟೆಲ್ಲಾ."

ಅವಳು ಏಣಿ ಬಿಟ್ಟು ಹೋದಳು. ಏಣಿ ಹಿಡಿಯುವವರಿಲ್ಲದೆ ಉಳಿದ ಎಂಟನ್ನೂ ತೆಗೆದೆ.

ಸಂಜೆಯ ಹೊತ್ತಿಗೆ ಗಾರ್ಡನ್ ಹೇಳಿದ್ದೇ ಆಯಿತು. ಕೊಳವೆ ಒಡೆದು ಬಟ್ಟೆ ಬದಲಿಸುವ ಕೋಣೆಯ ನೆಲವೆಲ್ಲ ಐಸ್. ಲೀಗಿನವನು ನೋಡಿ ತಲೆಯಾಡಿಸಿದ. ಆಟವನ್ನು ಮರುದಿನ ಡಫ್ಟನ್ನಿಗೆ ಹಾಕಿದ. ಅಲ್ಲಿ ಆರು ಒಂದರಿಂದ ಸೋತೆವು. ಲೈಲ್ ಬಸ್ಸಿನಿಂದ ಇಳಿದು ಬಂದು, "ಬಾಬಾ, ಇವತ್ತು ತಲೆ ನೋಯಲಿಲ್ಲ," ಅಂದ. ಅಷ್ಟು ಹೇಳಿ ಮೇಲಿನ ಕೋಣೆಗೆ ಹೋಗಿ ಅತ್ತ.

ನಾನು ಡಾಕ್ಟರ ಹತ್ತಿರ ಹೋದೆ. ಮಣ್ಣು ಮಾಡಿಯಾಗಿದೆ, ಈಗ ಏನೂ ತಿಳಿಯಲಾರದು ಅಂದರು. ಆದರೂ ನಾನು ಹೇಳಿದ್ದನ್ನೆಲ್ಲ ಬರೆದು ಸರ್ಕಾರಕ್ಕೆ ಕಳಿಸಿದರು. ಮಾರ್ಚಿನಲ್ಲಿ ತಪಾಸಣೆಯವನೊಬ್ಬ ಬಂದ. ದಿಂಬುಗಳು ಎಲ್ಲಿ ಎಂದು ಕೇಳಿದ. ನನ್ನ ಹಿತ್ತಲ ಜಗುಲಿಯಲ್ಲಿದ್ದವು. ಹನ್ನೆರಡನ್ನೂ ಎರಡು ಗೋಣಿಯಲ್ಲಿ ತುಂಬಿ ಕೊಟ್ಟೆ. ಅವನು ಒಂದೊಂದನ್ನೇ ಮತ್ತೆ ಕಿಂಡಿಗೆ ತುರುಕಿದ. ಏಳು, ಹದಿನಾಲ್ಕು, ಮೂರು, ಬೆನ್ನಿನ ಅಂಕಿಗಳು ಗೋಡೆಯುದ್ದಕ್ಕೂ ಸಾಲಾಗಿ ಕಂಡವು. ಬಾಗಿಲು ಮುಚ್ಚಿ, ಒಳಗೆ ಒಂದು ಯಂತ್ರ ಇಟ್ಟು, ಹಸುವನ್ನು ಎರಡು ಗಂಟೆ ಓಡಬಿಟ್ಟ. ಊರಿನವರೆಲ್ಲ ಹೊರಗೆ ಹಿಮದಲ್ಲಿ ನಿಂತಿದ್ದರು. ಯಾರೂ ನನ್ನ ಹತ್ತಿರ ನಿಲ್ಲಲಿಲ್ಲ.

ಅವನು ಮೂಗಿಗೆ ಮುಖವಾಡ ಹಾಕಿ ಒಳಗೆ ಹೋದ, ಇಂಜಿನ್ ನಿಲ್ಲಿಸಿದ, ಯಂತ್ರ ಎತ್ತಿಕೊಂಡು ಬಂದ. ಅಂಕಿ ಬರೆದುಕೊಂಡ. ನಮಗೆ ಹೇಳಿದ್ದು ಒಂದೇ ಮಾತು. "ಯಾರೂ ಒಳಗೆ ಹೋಗಬೇಡಿ."

ರಿಂಕಿಗೆ ಬೀಗ ಬಿತ್ತು. ಗಾಳಿ ಎಳೆಯುವ ದೊಡ್ಡ ಫ್ಯಾನುಗಳು, ಬ್ಯಾಟರಿಯ ಗಾಡಿ, ಹೊಸ ಕೊಳವೆ, ಎಲ್ಲ ಬೇಕೆಂದರು. ಗಿರಣಿ ಇಲ್ಲದ ಊರು ಎಲ್ಲಿಂದ ತರುತ್ತದೆ? ಬೇಸಿಗೆಯಲ್ಲಿ ಲೀಗಿನವರು ನಮ್ಮ ಜಾಗವನ್ನು ಬೇರೆ ಊರಿಗೆ ಕೊಟ್ಟರು. ಇಪ್ಪತ್ತೆಂಟು ವರ್ಷದ ತಂಡ ಮುಗಿಯಿತು. ನೆಸ್ಟರ್ ಪದರ ಪದರವಾಗಿ ಕಟ್ಟಿದ್ದನ್ನು ನಾನು ಎರಡು ಸಲ ಕೊಂದೆ. ಒಮ್ಮೆ ಹೊಲಿದು, ಒಮ್ಮೆ ಬಿಚ್ಚಿ. ಎರಡನೆಯದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವನು ಬದುಕಿದ್ದರೆ ನನ್ನ ಜೊತೆ ಮಾತು ಬಿಡುತ್ತಿದ್ದನೇನೋ. ಬಿಡಲಿ.

ಹೋದ ವರ್ಷ ಊರಿನ ಚರಿತ್ರೆಯ ಪುಸ್ತಕ ಅಚ್ಚಾಯಿತು. ತಂಡಕ್ಕೆ ಒಂದು ಪುಟ. ಬಟ್ಟಲು ಹಿಡಿದ ಹುಡುಗರ ಫೋಟೋ ಇದೆ. ನೆಸ್ಟರ್ ಹೃದಯಾಘಾತದಿಂದ ತೀರಿಕೊಂಡ, ಕಟ್ಟಡ ಹಳೆಯದಾದ್ದರಿಂದ ತಂಡ ನಿಂತಿತು ಎಂದಿದೆ. ಬರೆದವರಲ್ಲಿ ಇಬ್ಬರು ಅಂದು ನಮ್ಮ ಜೊತೆ ಸೂಜಿ ಹಿಡಿದು ಕೂತವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಡೆದದ್ದು ಹಾಗಲ್ಲ. ಅದಕ್ಕೇ ಇದನ್ನು ಬರೆದೆ.

ಲೈಲ್ ಈಗ ಧಾನ್ಯದ ಲಾರಿ ಓಡಿಸುತ್ತಾನೆ. ಎರಡು ಹೆಣ್ಣುಮಕ್ಕಳು. ಅಂದು ಐಸ್ ಮೇಲೆ ಬಿದ್ದ ಬ್ರೆಂಟ್ ಕೂಡ ಬದುಕಿದ್ದಾನೆ.

ಸ್ಟೆಲ್ಲಾ ಪಕ್ಕದ ಮನೆಯಲ್ಲೇ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಏಳು ವರ್ಷದಿಂದ ನನ್ನ 'ನಮಸ್ಕಾರ'ಕ್ಕೆ ಉತ್ತರ ಕೊಟ್ಟಿಲ್ಲ. ನಮ್ಮ ಬೀದಿಯ ಮನೆಗಳಿಗೆಲ್ಲ ಹೊಸ ಬಗೆಯ ಗ್ಯಾಸ್ ಒಲೆ ಬಂದಿದೆ, ಮನೆ ಬೆಚ್ಚಗಿಡುವಂಥದು. ಅದರ ಹೊಗೆ ಮೇಲೆ ಹೋಗುವುದಿಲ್ಲ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಒಂದು ಬಿಳಿ ಕೊಳವೆ ಹೊರಗೆ ಚಾಚಿರುತ್ತದೆ. ಗಾಳಿ ಬೀಸಿದರೆ ಹಿಮ ಅಲ್ಲೇ ಬಂದು ಗುಡ್ಡೆಯಾಗುತ್ತದೆ.

ಚಳಿಗಾಲದುದ್ದಕ್ಕೂ ಬೆಳಿಗ್ಗೆ ಎದ್ದ ಕೂಡಲೇ ಕೋಟು ಹಾಕಿ ಸಲಿಕೆ ತೆಗೆದುಕೊಂಡು ಹೊರಗೆ ಹೋಗುತ್ತೇನೆ. ಮೊದಲು ನನ್ನ ಮನೆಯ ಕೊಳವೆ. ಆಮೇಲೆ ಬೇಲಿಯ ಸಂದಿನಲ್ಲಿ ನುಗ್ಗಿ ಸ್ಟೆಲ್ಲಾಳದು. ಹಿಮ ತೋಡಿ, ಬಾಯಿಗೆ ಕಟ್ಟಿದ ಐಸನ್ನು ಸಲಿಕೆಯ ಹಿಡಿಯಿಂದ ಒಡೆದು, ಕೈಗವಸು ತೆಗೆದು ಅಂಗೈ ಅಡ್ಡ ಹಿಡಿಯುತ್ತೇನೆ. ಒಳಗಿನ ಬೆಚ್ಚನೆ ಗಾಳಿ ತಾಗಿದ ಮೇಲೆ ಮನೆಗೆ ಬಂದು ಕಾಫಿಗೆ ನೀರು ಇಡುತ್ತೇನೆ.